ಬೇವಿನ ಸೊಪ್ಪು ಕಟ್ಟಬೇಡ ಎಂದವರು

ಹೋದ ಭಾನುವಾರ ನಮ್ಮ ಮನೆಯ ಪೇಪರಿನೊಳಗಿಂದ ಅವರು ಕೆಳಗೆ ಬಿದ್ದರು. ಒಂದು ಕಡೆ ಬೆಡ್‌ಶೀಟ್ ಸೇಲಿನ ಪಾಂಪ್ಲೆಟ್ಟು, ಇನ್ನೊಂದು ಕಡೆ ನಮ್ಮ ಹೊಸ ತಿಪ್ಪಸಂದ್ರದ ಮಾರ್ಕೆಟ್ ರೋಡಿಗೆ ಹೊಸದಾಗಿ ಬಂದ ಹಲ್ಲಿನ ಡಾಕ್ಟರ ಪಾಂಪ್ಲೆಟ್ಟು, ಮಧ್ಯೆ ಹಳದಿ ಕಾಗದದ ಮೇಲೆ ಕೈಕಟ್ಟಿಕೊಂಡು ನಗುತ್ತಾ ಇವರು. ಕಂಪನಿ ಬಿಟ್ಟು ಕೆ.ಆರ್. ಪುರಂನಲ್ಲಿ ಮೆಡಿಕಲ್ ಕೋಡಿಂಗ್ ಕಲಿಸುವ ಕ್ಲಾಸು ಶುರುಮಾಡಿದ್ದಾರಂತೆ. ಫೋಟೋದ ಕೆಳಗೆ ದಪ್ಪ ಅಕ್ಷರದಲ್ಲಿ ‘ನಂಬಿಕೆಯ ಗುರು’ ಎಂದು ಅಚ್ಚಾಗಿತ್ತು.

ಅಮ್ಮನ ಕಣ್ಣಿಗೆ ಮೊದಲು ಬಿತ್ತು.

“ಇವ್ರೇ ಅಲ್ವೇನೋ ನಿನ್ ಅಣ್ಣ ಅನ್ನೋರು?”

“ಹೂಂ.”

“ಫೋಟೋದಲ್ಲಿ ಚೆನ್ನಾಗವ್ರೆ,” ಎಂದವಳೇ ಆ ಕಾಗದವನ್ನು ತಟ್ಟೆಗೆ ಹಾಸಿ, ಕರಿದ ಹಪ್ಪಳವನ್ನು ಎಣ್ಣೆ ಹೀರಲಿ ಅಂತ ಅದರ ಮೇಲೆ ಹಾಕಿದಳು. ಮೊದಲನೇ ಹಪ್ಪಳ ಸರಿಯಾಗಿ ಮುಖದ ಮೇಲೆ.

ಅವರ ಹೆಸರು ಬರೆಯುವುದಿಲ್ಲ. ಪಾಂಪ್ಲೆಟ್ಟಿನಲ್ಲಿದೆ, ಬೇಕಾದವರು ಎಣ್ಣೆ ಒರೆಸಿಕೊಂಡು ಓದಬಹುದು. ಕಂಪನಿಯಲ್ಲಿ ನಮ್ಮ ಫ್ಲೋರಿನವರೆಲ್ಲ ಅಣ್ಣ ಅನ್ನುತ್ತಿದ್ದೆವು, ಇಲ್ಲೂ ಅದನ್ನೇ ಬರೆಯುತ್ತೇನೆ. ಆಮೇಲಾಮೇಲೆ ಬೇರೆ ಹೆಸರುಗಳಿಂದಲೂ ಕರೆದಿದ್ದೇನೆ, ಆದರೆ ಅವು ಅಚ್ಚುಮಾಡಲು ಬರುವಂಥವಲ್ಲ.

ಅಣ್ಣನ ಕೈಗೆ ಸಿಕ್ಕಾಗ ನನ್ನ ಹತ್ತಿರ ಇದ್ದದ್ದು ಜೂವಾಲಜಿಯ ಒಂದು ಡಿಗ್ರಿ. ಪ್ರಾಕ್ಟಿಕಲ್ಸ್‌ನಲ್ಲಿ ನಾನು ಕೊಯ್ದ ಕಪ್ಪೆ ಎದ್ದು ನಡೆದುಕೊಂಡು ಹೋಯಿತು ಎಂದು ಕಾಲೇಜಿನಲ್ಲಿ ಈಗಲೂ ಹೇಳುತ್ತಾರೆ. ಅದು ಸುಳ್ಳು, ಕುಂಟಿಕೊಂಡು ಹೋಯಿತು. ಡಿಗ್ರಿ ಆದಮೇಲೆ ಕ್ರೆಡಿಟ್ ಕಾರ್ಡ್ ಮಾರಿದೆ, ಕಾಲ್ ಸೆಂಟರಿನಲ್ಲಿ ಕೂತೆ, ಒಂದು ಕೊರಿಯರ್ ಕಂಪನಿಯಲ್ಲಿ ಪಾರ್ಸೆಲ್ಲುಗಳನ್ನು ಭಾರತದಾದ್ಯಂತ ತಪ್ಪು ವಿಳಾಸಗಳಿಗೆ ತಲುಪಿಸಿದೆ. ಎಲ್ಲ ಕಡೆಯೂ ಪ್ರೊಬೇಷನ್ ಮುಗಿಯುವುದಕ್ಕೆ ಮೊದಲು ನಾನೇ ಮುಗಿಯುತ್ತಿದ್ದೆ. ನಮ್ಮಪ್ಪ ವಿಮಾನದ ಕಾರ್ಖಾನೆಯಲ್ಲಿ ಒಂದೇ ಶೆಡ್ಡಿನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು. ಅವರ ಪ್ರಕಾರ ಲೋಕದಲ್ಲಿ ಎರಡೇ ಜಾತಿ, ಪರ್ಮನೆಂಟ್ ಆದವರು ಮತ್ತು ಆಗದವರು. “ಒಂದ್ ಕಡೆ ಪರ್ಮನೆಂಟ್ ಆಗ್ ತೋರ್ಸು, ಆಮೇಲೆ ನಿನ್ ತಂಟೆಗೆ ಬರಲ್ಲ,” ಅನ್ನುತ್ತಿದ್ದರು. ನಾನು ಗರುಡಾಚಾರ್‌ಪಾಳ್ಯದ ಆ ಕೋಡಿಂಗ್ ಕಂಪನಿಗೆ ಸೇರಿದ್ದು ಈ ಒಂದು ಆಸೆಯಿಂದ. ಇಲ್ಲಿಯಾದರೂ ಪರ್ಮನೆಂಟ್ ಆಗಬೇಕು.

ಕೆಲಸ ಏನೆಂದರೆ, ಅಮೆರಿಕದ ಯಾವುದೋ ಊರಿನ ಡಾಕ್ಟರು ರೋಗಿಯನ್ನು ನೋಡಿ ಬರೆದಿಟ್ಟ ವಿವರವನ್ನು ನಾವು ಇಲ್ಲಿ ಕೂತು ಓದುವುದು, ಓದಿ ಆ ರೋಗಕ್ಕೆ ಗೊತ್ತುಮಾಡಿರುವ ಕೋಡ್ ಅಂಕಿಯನ್ನು ಕಂಪ್ಯೂಟರಿಗೆ ಹಾಕುವುದು. ನಾವು ಹಾಕಿದ್ದನ್ನು ನೋಡಿ ಅಲ್ಲಿನ ಇನ್ಶೂರೆನ್ಸಿನವರು ದುಡ್ಡು ಕೊಡುತ್ತಾರೆ. ಅಷ್ಟೇ ಅಲ್ಲ, ಒಮ್ಮೆ ಹಾಕಿದ ಕೋಡು ಆ ರೋಗಿಯ ಹೆಸರಿಗೆ ಅಂಟಿಕೊಂಡು ಅವನು ಹೋದಲ್ಲೆಲ್ಲ ಹೋಗುತ್ತದೆ. ಇಷ್ಟು ಗಂಭೀರವಾದ ಕೆಲಸವನ್ನು ನನ್ನ ಕೈಗೆ ಕೊಟ್ಟರಲ್ಲ ಎಂದು ಮೊದಲ ವಾರ ನನಗೇ ಅಮೆರಿಕದ ಬಗ್ಗೆ ಕನಿಕರವಾಯಿತು. ಕನಿಕರ ಸುಳ್ಳಾಗಲಿಲ್ಲ. ಮೂರನೇ ದಿನವೇ ಒಬ್ಬ ರಿಟೈರಾದ ಲಾರಿ ಡ್ರೈವರನ್ನು ಬಸುರಿ ಮಾಡಿದೆ. ಸ್ಕ್ರೀನು ಕೆಂಪಗಾಗಿ ಕೂಗಿಕೊಂಡಿತು. ನಾನು ಕಂಪ್ಯೂಟರಿಗೆ ಏನೋ ಆಗಿದೆ ಎಂದು ಪಕ್ಕದ ಸೀಟಿನ ಶಹೀನಳಿಗೆ ಹೇಳಿದೆ. ಶಿವಾಜಿನಗರದ ಹುಡುಗಿ, ಬಾಯಿ ಕತ್ತರಿ. “ಕಂಪ್ಯೂಟರ್‌ಗಲ್ಲ ಯಾರ್, ಡ್ರೈವರ್ ಅಂಕಲ್‌ಗೆ ಆಗಿರೋದು. ಸ್ವೀಟ್ ಹಂಚು,” ಅಂದಳು.

ಅಣ್ಣನನ್ನು ನಾನು ಮೊದಲು ಹತ್ತಿರದಿಂದ ಕಂಡದ್ದು ಒಬ್ಬ ಟೀಚರಮ್ಮನ ದೆಸೆಯಿಂದ. ಅಣ್ಣ ನಮ್ಮ ಟೀಮ್ ಲೀಡ್. ಹಲಸೂರಿನವರು, ಮನೆಯಲ್ಲಿ ತಮಿಳು ಕನ್ನಡ ಎರಡೂ ಕಲಸಿ ಮಾತಾಡುವವರು. ಫ್ಲೋರಿನ ಎ.ಸಿ.ಗೆ ಹೆದರಿ ವರ್ಷಪೂರ್ತಿ ತಲೆಗೆ ಮಂಕಿ ಟೋಪಿ ಹಾಕಿಕೊಂಡಿರುತ್ತಿದ್ದರು. ಕಾಫಿ ಬಣ್ಣದ ಉಣ್ಣೆ ಟೋಪಿ, ಅದರ ಮೇಲೆ ಕನ್ನಡಕ. ಅಮೆರಿಕದ ಕ್ಲೈಂಟುಗಳು ವಿಡಿಯೋದಲ್ಲಿ ಬಂದಾಗ ಮಾತ್ರ ಟೋಪಿ ತೆಗೆಯುತ್ತಿದ್ದರು, ಆಗ ನಮಗೇ ಗುರುತು ಸಿಗುತ್ತಿರಲಿಲ್ಲ. ಆ ದಿನ ನನ್ನ ಸ್ಕ್ರೀನಿನ ಪಕ್ಕ ಬಗ್ಗಿ ನಿಂತು ಕೇಳಿದರು.

“ಈ ಟೀಚರಮ್ಮಂಗೆ ಏನಾಗಿದೆ ಕಣ್ಣಾ?”

“ಚಿಕನ್ ಪಾಕ್ಸ್ ಸಾರ್.”

“ಸಾರ್ ಬೇಡ, ಅಣ್ಣ ಅನ್ನು. ಎಲ್ಲಿ ಬರೆದಿದೆ ತೋರ್ಸು.”

“ಇಲ್ಲಿ ನೋಡಿ. ಚಿಕನ್ ಪಾಕ್ಸ್.”

“ಅದು ಯಾರಿಗಂತೆ?”

“ಅವ್ರ ಕ್ಲಾಸಲ್ಲಿರೋ ಹುಡುಗನಿಗೆ.”

“ಸರಿ. ಟೀಚರಮ್ಮಂಗೆ?”

“ಬರುತ್ತೆ ಅಣ್ಣ. ಇವತ್ತಲ್ಲ ನಾಳೆ.”

“ಬಂದಾಗ ಹಾಕೋಣಂತೆ. ನೀನು ಕೋಡ್ ಹಾಕೋಕೆ ಬಂದಿದೀಯೋ ಕಣಿ ಹೇಳೋಕೆ ಬಂದಿದೀಯೋ?”

ಶಹೀನ ಮೇಜಿನ ಕೆಳಗೆ ತಲೆಯಿಟ್ಟು ನಕ್ಕಳು. ಅಣ್ಣ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ವಿವರಿಸಿದರು. ರೋಗ ಬಂದವನು ಬೇರೆ, ರೋಗ ಬಂದವನ ಪಕ್ಕ ನಿಂತವನು ಬೇರೆ. ಪಕ್ಕ ನಿಂತವನಿಗೆ ವಿ ಅಕ್ಷರದಿಂದ ಶುರುವಾಗುವ ಬೇರೆ ಕೋಡೇ ಇದೆ, ಸಂಪರ್ಕ ಎಂದು ಅದರ ಅರ್ಥ. ಡಾಕ್ಟರು ‘ಇರಬಹುದು’ ಎಂದು ಬರೆದರೂ, ‘ಬಹುಶಃ’ ಎಂದು ಬರೆದರೂ ಹೊರರೋಗಿಗೆ ಆ ರೋಗದ ಕೋಡು ಹಾಕುವ ಹಾಗಿಲ್ಲ. ಜ್ವರ ಇದ್ದರೆ ಜ್ವರ, ಕೆಮ್ಮಿದ್ದರೆ ಕೆಮ್ಮು, ಏನೂ ಇಲ್ಲದಿದ್ದರೆ ಸಂಪರ್ಕ. “ಅನುಮಾನ ಪಡೋದು ಡಾಕ್ಟ್ರ ಕೆಲಸ. ನಮ್ದಲ್ಲ,” ಅಂದರು. ಆಮೇಲೆ ನನ್ನ ಎರಡೂ ಮಣಿಕಟ್ಟು ಹಿಡಿದು ಕೀಬೋರ್ಡಿನಿಂದ ಎತ್ತಿ ತೊಡೆಯ ಮೇಲೆ ಇಟ್ಟರು. “ರೋಗದ ಹೆಸರು ಹಾಕೋ ಮುಂಚೆ ಹಿಂಗೆ ಒಂದ್ ಸಲ ಕೈ ತೆಗಿ. ಇನ್ನೊಂದ್ ಸಲ ಓದು. ಆಮೇಲೆ ಹಾಕು.” ಅವರೂ ಹಾಗೇ ಮಾಡುತ್ತಿದ್ದರು. ಎಷ್ಟೇ ಅವಸರವಿರಲಿ, ಕೈ ತೆಗೆದು, ಪ್ಯಾಂಟಿಗೆ ಒರೆಸಿಕೊಂಡು, ಓದಿ, ಆಮೇಲೆ. ದೇವರ ಮನೆಗೆ ಹೋಗುವವರ ಹಾಗೆ.

ಮಧ್ಯಾಹ್ನದ ಟೀಗೆ ಗೇಟಿನಾಚೆಯ ಪೆಟ್ಟಿಗೆ ಅಂಗಡಿಗೆ ನಮ್ಮನ್ನು ಕರೆದುಕೊಂಡು ಹೋಗುವರು. ಬೈಟೂ ಹೇಳಿ ಹೆಚ್ಚಿನ ಪಾಲು ನಮ್ಮ ಲೋಟಕ್ಕೇ ಬಗ್ಗಿಸುವರು. ಅಲ್ಲೇ ಒಂದು ದಿನ ಅವರ ಅಕ್ಕನ ಕತೆ ಹೇಳಿದರು.

“ನಾನು ಚಿಕ್ಕೋನಿದ್ದಾಗ ನಮ್ ವಠಾರದಲ್ಲಿ ಯಾರಿಗಾದ್ರೂ ಅಮ್ಮ ಆದ್ರೆ, ಅಂದ್ರೆ ಸಿಡುಬೋ ದಡಾರವೋ ಬಂದ್ರೆ, ಬಾಗ್ಲಿಗೆ ಬೇವಿನ ಸೊಪ್ಪು ಕಟ್ಟೋರು. ಕಟ್ಟಿದ್ ಮೇಲೆ ಆ ಮನೆಗೆ ಯಾರೂ ಹೋಗಂಗಿಲ್ಲ. ನಮ್ಮಕ್ಕನ್ನ ನೋಡೋಕೆ ಗಂಡಿನ ಕಡೆಯೋರು ಬರೋರಿದ್ರು. ಒಳ್ಳೇ ಬೇಸಿಗೆ, ಅಕ್ಕನ ಕತ್ತು ತುಂಬ ಬೆವರುಸಾಲೆ. ಪಕ್ಕದ್ಮನೆ ಅಜ್ಜಿ ನೋಡ್ಬಿಟ್ಟು, ಒಳ್ಳೇದಾಗ್ಲಿ ಅಂತಾನೇ, ಬೆಳಿಗ್ಗೆ ಎದ್ದು ನಮ್ ಬಾಗ್ಲಿಗೆ ಬೇವಿನ ಸೊಪ್ಪು ಕಟ್ಟಿ ಕೈಮುಗಿದು ಹೋಗ್ಬಿಟ್ಲು. ಗಂಡಿನೋರು ಬಂದ್ರು. ಬಾಗ್ಲು ನೋಡಿದ್ರು. ಚಪ್ಲಿ ಬಿಡ್ದೇ ಹಂಗೇ ತಿರುಗ್ಕೊಂಡು ಹೋದ್ರು.”

“ಆಮೇಲೆ ಸೊಪ್ಪು ಬಿಚ್ಲಿಲ್ವಾ?” ಅಂದೆ.

“ಯಾರು ಬಿಚ್ತಾರೆ? ಬಿಚ್ಚಿದ್ರೆ ಅಮ್ಮ ಕೋಪ ಮಾಡ್ಕೋತಾಳೆ ಅಂತ ಭಯ. ಅಕ್ಕನ ಬೆವರುಸಾಲೆ ಪೌಡ್ರು ಹಾಕಿದ್ಕೆ ಹೋಯ್ತು. ಸೊಪ್ಪು ಒಣಗಿ ಅದಾಗದೇ ಉದುರೋ ತನಕ ಅಲ್ಲೇ ಇತ್ತು.”

ಶಹೀನ ಮೆಲ್ಲಗೆ ಕೇಳಿದಳು, “ಅಕ್ಕನ ಮದ್ವೆ?”

“ಆಯ್ತಮ್ಮ. ಬಹಳ ತಡ ಆಯ್ತು. ಗಂಡ ಕುಡೀತಾನೆ.” ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದರು. “ನಿನ್ ಕೋಡೂ ಅಷ್ಟೇ ಕಣ್ಣಾ. ಕಟ್ಟೋಕೆ ಒಬ್ಬ ಸಾಕು. ಬಿಚ್ಚೋಕೆ ಯಾರೂ ಬರಲ್ಲ.”

ನಾನು ಜೋಕು ಹೊಡೆಯದೆ ಕೇಳಿದ ಮಾತು ನನ್ನ ಆಯುಸ್ಸಿನಲ್ಲಿ ಕಡಿಮೆ. ಇದು ಅದರಲ್ಲೊಂದು.

ಅಷ್ಟು ಕೇಳಿಯೂ ಬುದ್ಧಿ ಬಂತು ಎಂದುಕೊಂಡರೆ ನನ್ನನ್ನು ನೀವು ಸರಿಯಾಗಿ ಅರ್ಥಮಾಡಿಕೊಂಡಿಲ್ಲ. ಯಾರನ್ನೋ ಬಾವಲಿ ಕಚ್ಚಿತ್ತು. ಡಾಕ್ಟರು ಹುಚ್ಚುನಾಯಿ ರೋಗ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು ಎಂದು ಬರೆದಿದ್ದರು. ನಾನು ಅದರಲ್ಲಿ ರೋಗದ ಹೆಸರನ್ನಷ್ಟೇ ಓದಿ ಆ ರೋಗದ ಕೋಡನ್ನೇ ಹಾಕಿದೆ. ಆ ರೋಗ ಬಂದವನು ಉಳಿಯುವುದಿಲ್ಲ, ಅಂದರೆ ಗರುಡಾಚಾರ್‌ಪಾಳ್ಯದಲ್ಲಿ ಕೂತು, ಬಿಸ್ಕೆಟ್ ತಿನ್ನುತ್ತಾ, ಸಮುದ್ರದಾಚೆಯ ಒಬ್ಬನನ್ನು ಕೊಂದಿದ್ದೆ. ಮ್ಯಾನೇಜರು ಗಾಜಿನ ಕೋಣೆಗೆ ಕರೆಸಿ ನನ್ನ ಪ್ರೊಬೇಷನ್ ಇವತ್ತೇ ಮುಗಿಸುತ್ತೇನೆ ಎಂದರು. ಅಣ್ಣ ಹೇಳದೆ ಕೇಳದೆ ಒಳಗೆ ಬಂದರು. “ಕಲಿಸಿದ್ದು ನಾನು. ತಪ್ಪು ನಂದು. ಬರಿಯೋದಿದ್ರೆ ನನ್ ಹೆಸರು ಬರ್ಕೊಳಿ,” ಅಂದರು. ಮಂಕಿ ಟೋಪಿ ಹಾಕಿಕೊಂಡೇ ಅಂದರು. ಆ ಟೋಪಿಯಲ್ಲಿ ಅವರು ನನಗೆ ಕಿರೀಟ ಹಾಕಿಕೊಂಡವರ ಹಾಗೆ ಕಂಡರು. ಹೊರಗೆ ಬಂದು, “ಹೆದರ್ಕೊಂಡ್ಯಾ?” ಎಂದು ಬೆನ್ನಿಗೆ ಒಂದು ಗುದ್ದಿದರು. ಆವತ್ತಿನಿಂದ ನನಗೆ ಅವರ ಮಾತೇ ಮಾತು.

ಪ್ರೀತಿ ಹೆಚ್ಚಾದರೆ ನಾನು ಅಣಕು ಮಾಡುತ್ತೇನೆ. ಶಹೀನಳ ದುಪಟ್ಟಾವನ್ನು ತಲೆಗೆ ಸುತ್ತಿ, ಕನ್ನಡಕ ಏರಿಸಿ, ಕೈ ಪ್ಯಾಂಟಿಗೆ ಒರೆಸಿ, “ಬಂದಾಗ ಹಾಕೋಣಂತೆ ಕಣ್ಣಾ” ಅಂದರೆ ಫ್ಲೋರಿಗೆ ಫ್ಲೋರೇ ಬಿದ್ದು ಬಿದ್ದು ನಗುತ್ತಿತ್ತು. ಒಂದು ದಿನ ಯಾರೂ ನಗಲಿಲ್ಲ. ತಿರುಗಿದರೆ ಅಣ್ಣ. ಅವರು ನನ್ನನ್ನು ಸುತ್ತ ಒಂದು ಸಲ ನೋಡಿ, “ಕತ್ತು ಇನ್ನೂ ಸ್ವಲ್ಪ ಬಗ್ಗಿಸ್ಬೇಕು. ನಂಗೆ ಸ್ಪಾಂಡಿಲೈಟಿಸ್ ಇದೆ,” ಎಂದು ತಾವೇ ಸರಿಮಾಡಿ ಹೋದರು.

ಆಮೇಲೆ ಹಂದಿಜ್ವರದ ವರ್ಷ ಬಂತು. ಇಲ್ಲಿಗೆ ಬರುವುದಕ್ಕೆ ಮೊದಲೇ ಅದು ನಮ್ಮ ಸ್ಕ್ರೀನಿಗೆ ಬಂತು. ಅಮೆರಿಕದಲ್ಲಿ ಯಾರಾದರೂ ಸೀನಿದರೆ ಅವನ ಎಡಬಲದಲ್ಲಿದ್ದವರೆಲ್ಲ ಡಾಕ್ಟರ ಹತ್ತಿರ ಓಡುತ್ತಿದ್ದರು. ಸೀನಿದವನ ಹೆಂಡತಿ, ಸೀನಿದವನ ಬಾಸು, ಸೀನಿದವನಿಗೆ ಪಿಜ್ಜಾ ಕೊಟ್ಟವನು. ಅಷ್ಟೂ ಜನರ ಕಾಗದ ಗರುಡಾಚಾರ್‌ಪಾಳ್ಯಕ್ಕೆ. ನಿಜವಾಗಿ ರೋಗ ಇದೆಯೋ ಇಲ್ಲವೋ ತಿಳಿಯಬೇಕಾದರೆ ಲ್ಯಾಬ್ ರಿಪೋರ್ಟಿನ ಪುಟವನ್ನು ಬೇರೆಯಾಗಿ ತೆರೆಯಬೇಕು. ಆ ಪುಟವೋ, ಹಲಸೂರಿನ ಸೋಮೇಶ್ವರನ ದೇವಸ್ಥಾನದ ಹೆಬ್ಬಾಗಿಲಿನಷ್ಟು ನಿಧಾನವಾಗಿ ತೆರೆಯುತ್ತಿತ್ತು. ಕೆಲಸ ಗುಡ್ಡೆಯಾಯಿತು. ಮ್ಯಾನೇಜರು ಗಾಜಿನ ಕೋಣೆಯಿಂದ ಅಣ್ಣನನ್ನು ಮತ್ತೆ ಮತ್ತೆ ಕರೆಸಿಕೊಂಡರು. ಒಂದು ಮಧ್ಯಾಹ್ನ ಅಲ್ಲಿಂದ ಬಂದ ಅಣ್ಣ ನೇರ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

“ಈ ಬ್ಯಾಚ್ ಇವತ್ತು ಸಂಜೆ ಹೋಗ್ಬೇಕು. ಲ್ಯಾಬ್ ಪುಟ ತೆಗೀಬೇಡ. ಡಾಕ್ಟ್ರು ‘ಬಹುಶಃ’ ಅಂದಿದ್ರೂ ಫ್ಲೂ ಕೋಡ್ ಹಾಕ್ಬಿಡು.”

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ.

“ಅಣ್ಣ, ಬಹುಶಃ ಅಂದ್ರೆ ಹಾಕ್ಬಾರ್ದು ಅಂತ ನೀವೇ ಹೇಳಿದ್ದು.”

“ಆವಾಗ್ಲೂ ನಾನೇ ಹೇಳಿದ್ದು. ಈವಾಗ್ಲೂ ನಾನೇ ಹೇಳ್ತಿರೋದು.”

“ಒಂದ್ ಮೇಲ್ ಹಾಕ್ಬಿಡ್ತೀರಾ?”

“ನಿಂಗೆ ನನ್ ಮಾತಿಗಿಂತ ಮೇಲ್ ದೊಡ್ಡದಾಯ್ತಾ ಕಣ್ಣಾ?”

ಮುಖ ಸಣ್ಣದು ಮಾಡಿಕೊಂಡು ಕೇಳಿದರು. ನನಗೆ ನಾಚಿಕೆಯಾಯಿತು. ನನಗಾಗಿ ಗಾಜಿನ ಕೋಣೆಗೆ ನುಗ್ಗಿದವರ ಹತ್ತಿರ ಮೇಲ್ ಕೇಳುತ್ತೇನಲ್ಲ ಎಂದು. ಸಂಜೆಯೊಳಗೆ ಬ್ಯಾಚು ಹೋಯಿತು. ಅಷ್ಟು ಜನ ಇದ್ದ ಟೀಮಿನಲ್ಲಿ ಆ ಬ್ಯಾಚನ್ನು ನನಗೇ ಯಾಕೆ ಕೊಟ್ಟರು ಎಂದು ಆಗ ಹೊಳೆಯಲಿಲ್ಲ. ಶಹೀನಳಿಗೆ ಕೊಟ್ಟಿದ್ದರೆ ಅವಳು ಮೇಲ್ ಬರುವ ತನಕ ಉಗುರು ಕತ್ತರಿಸಿಕೊಂಡು ಕೂತಿರುತ್ತಿದ್ದಳು. ಅದು ಅವರಿಗೆ ಗೊತ್ತಿತ್ತು. ನಾನು ಎಂಥವನು ಅಂತಲೂ ಗೊತ್ತಿತ್ತು.

ಅದಾಗಿ ಕೆಲವು ದಿನಕ್ಕೆ ನನ್ನ ಚಿಕ್ಕಪ್ಪನ ಮಗ ಸಿಂಗಾಪುರದಿಂದ ಬಂದ. ಏರ್‌ಪೋರ್ಟಿನಿಂದ ನಾನೇ ಕರೆತಂದೆ. ದಾರಿಯಲ್ಲಿ ಶಿವಾಜಿನಗರಕ್ಕೆ ಹೋಗಿ ಒಂದೇ ತಟ್ಟೆಯಲ್ಲಿ ಬಿರಿಯಾನಿ ತಿಂದೆವು, ಅವನು ಕಚ್ಚಿಬಿಟ್ಟ ಮೂಳೆಯನ್ನೂ ನಾನು ಬಿಡಲಿಲ್ಲ. ಅವನಿಗೆ ಜ್ವರ ಬಂತು. ಆ ದಿನಗಳಲ್ಲಿ ವಿಮಾನದಿಂದ ಇಳಿದವನಿಗೆ ಜ್ವರ ಬಂದರೆ ಬೀದಿಯೇ ಎದ್ದು ನಿಲ್ಲುತ್ತಿತ್ತು. ಅವನನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿ ಗಂಟಲಿನ ಸ್ಯಾಂಪಲ್ ತೆಗೆದುಕೊಂಡರು. ನಾನು ಮೊದಲು ಫೋನು ಮಾಡಿದ್ದು ಅಣ್ಣನಿಗೆ.

“ಅಣ್ಣ, ನಾನೀಗ ನಮ್ ವಿ ಕೋಡ್ ಆಗ್ಬಿಟ್ಟಿದೀನಿ. ಸಂಪರ್ಕ. ಬಿರಿಯಾನಿ ಮೂಲಕ.”

ಅವರು ನಗಲಿಲ್ಲ. “ನಿಂಗೆ ಜ್ವರ ಇದೆಯಾ?”

“ಇಲ್ಲ. ಕೆಮ್ಮೂ ಇಲ್ಲ. ಹಸಿವು ಮಾತ್ರ ಇದೆ.”

“ಯಾರ್ಗೂ ಹೇಳ್ಬೇಡ. ನಂಗೆ ಬಿಡು. ಬೆಳಿಗ್ಗೆ ಬಾ, ಮಾತಾಡೋಣ.”

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಪರ್ಮನೆಂಟ್ ಮಾಡುವ ಕಾಗದ ಆ ತಿಂಗಳೇ ಬರಬೇಕಿತ್ತು. ಅಪ್ಪ ಕಾರ್ಖಾನೆಯ ಬಸ್ಸಿನಲ್ಲಿ ಆಗಲೇ ಎಲ್ಲರಿಗೂ ಹೇಳಿಕೊಂಡಾಗಿತ್ತು.

ಬೆಳಿಗ್ಗೆ ಹೋದರೆ ಗೇಟಿನಲ್ಲಿ ಸೆಕ್ಯುರಿಟಿಯವರು ಲಾಠಿಯನ್ನು ಅಡ್ಡ ಹಿಡಿದರು. ದಿನವೂ ನನ್ನ ಹತ್ತಿರ ಜೋಕು ಕೇಳಿ ಬಿಡುತ್ತಿದ್ದ ಮನುಷ್ಯ. ಮೂಗಿಗೆ ಕರ್ಚೀಫು ಕಟ್ಟಿಕೊಂಡಿದ್ದರು.

“ದೂರ ನಿಂತ್ಕೊಳಿ ಸಾ. ನಿಮ್ಮನ್ನ ಒಳಗೆ ಬಿಡ್ಬ್ಯಾಡ ಅಂದವ್ರೆ. ನಿಮ್ಗೆ ಹಂದಿಜ್ವರ ಅಂತೆ.”

“ಯಾರ್ ಹೇಳಿದ್ದು?”

“ನಿಮ್ಮಣ್ಣೋರೇ.”

ಅಣ್ಣನ ಮೊಬೈಲಿಗೆ ಮಾಡಿದೆ. ರಿಂಗಾಯಿತು, ಕಟ್ ಆಯಿತು. ಮತ್ತೆ ಮಾಡಿದೆ, ಸ್ವಿಚ್ ಆಫ್. ಟೀ ಅಂಗಡಿಯ ಕಡೆ ತಿರುಗಿದೆ, ಅಂಗಡಿಯವನು ಗಾಜಿನ ಲೋಟಗಳನ್ನು ಒಳಗೆ ಸರಿಸಿಕೊಂಡ. ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಬಂದಿತ್ತು. ಹಾಲಿನವನು ಪ್ಯಾಕೆಟ್ಟನ್ನು ಬೌಲಿಂಗ್ ಮಾಡಿದ ಹಾಗೆ ಗೇಟಿನಿಂದ ಎಸೆದು ಹೋದ.

ಶಹೀನ ಕಂಪನಿಯ ಮೆಟ್ಟಿಲ ಮೇಲೆ ನಿಂತು ಫೋನು ಮಾಡಿದಳು. ಯಾವಾಗಲೂ ಕೂಗಿ ಮಾತಾಡುವವಳು ಪಿಸುಗುಟ್ಟುತ್ತಿದ್ದಳು.

“ನಿನ್ನೆ ಸಂಜೆ ಅಮೆರಿಕದೋರ ಆಡಿಟ್ ಬಂತು. ನೀನು ಕಳ್ಸಿದ ಬ್ಯಾಚ್ ಎಲ್ಲ ತಪ್ಪು. ಫ್ಲೂ ಇಲ್ದೇ ಇರೋರಿಗೆಲ್ಲ ಫ್ಲೂ ಹಾಕಿದೀಯಂತೆ. ಅಲ್ಲಿಯೋರು ಫೋನ್ ಮಾಡಿ ಬೈತಿದಾರಂತೆ. ಬೆಳಿಗ್ಗೆ ಎಲ್ರನ್ನೂ ಮೀಟಿಂಗ್ ಕರೆದ್ರು.”

“ಅಣ್ಣ ಹೇಳಿದ್ರಲ್ಲ, ಅವ್ರೇ ಹಾಕ್ಸಿದ್ದು ಅಂತ?”

ಅವಳು ಇನ್ನೆರಡು ಮೆಟ್ಟಿಲು ಇಳಿದ ಸದ್ದಾಯಿತು.

“ಅವ್ರು ಹೇಳಿದ್ದು, ಆ ಹುಡುಗನಿಗೆ ಬ್ಯಾಚ್ ಮಾಡೋವಾಗ್ಲೇ ಜ್ವರ ಇತ್ತು, ಮುಚ್ಚಿಟ್ಕೊಂಡು ಬರ್ತಿದ್ದ, ತಲೆ ನೆಟ್ಟಗಿರ್ಲಿಲ್ಲ, ಲ್ಯಾಬ್ ಪುಟಾನೇ ತೆಗ್ದಿಲ್ಲ ಅಂತ. ಹಂದಿಜ್ವರ ಕನ್ಫರ್ಮ್ ಆಗಿದೆ ಅಂದ್ರು.”

“ಕನ್ಫರ್ಮ್ ಅಂದ್ರಾ?”

“ಹೌದು ಯಾರ್. ಅದೇ ಮಾತು.”

“ಹೇಳೋ ಮುಂಚೆ ಕೈ ಪ್ಯಾಂಟಿಗೆ ಒರ್ಸಿಕೊಂಡ್ರಾ?”

“ಏನೋ ಹೇಳ್ತಿದೀಯಾ ನೀನು?”

“ಏನಿಲ್ಲ. ಯಾರೂ ಏನೂ ಅನ್ಲಿಲ್ವಾ?”

“ನಾನಂದೆ. ನಾನು ಪಕ್ಕದಲ್ಲೇ ಕೂರ್ತೀನಿ, ಅವನಿಗೆ ಜ್ವರ ಇರ್ಲಿಲ್ಲ ಅಂದೆ. ಹಂಗಾದ್ರೆ ನಿಂಗೂ ಬಂದಿರುತ್ತೆ, ನೀನೂ ಮನೆಗೆ ಹೋಗು ಅಂದ್ರು ಮ್ಯಾನೇಜರ್. ಎಲ್ರೂ ಕುರ್ಚಿ ದೂರ ಎಳ್ಕೊಂಡ್ರು. ನಿನ್ ಸೀಟ್‌ಗೆ ಫಿನಾಯಿಲ್ ಹಾಕಿದಾರೆ.”

ಎಂಥ ಚೆಂದದ ಏರ್ಪಾಡು ನೋಡಿ. ನನ್ನ ಪರವಾಗಿ ಸಾಕ್ಷಿ ಹೇಳಬೇಕಾದರೆ ನನ್ನ ಹತ್ತಿರ ಇದ್ದಿರಬೇಕು, ಹತ್ತಿರ ಇದ್ದೆ ಎಂದವರೂ ಗೇಟಿನಾಚೆ. ಇದನ್ನು ಅಣ್ಣ ಮೊದಲೇ ಯೋಚಿಸಿದ್ದರೋ, ಬಾಯಿಗೆ ತಾನಾಗಿ ಬಂತೋ ನನಗೆ ಇವತ್ತಿಗೂ ತಿಳಿಯದು. ನನ್ನನ್ನು ಬರೀ ಸಂಪರ್ಕ ಅಂದಿದ್ದರೆ ಅವರ ತಲೆ ಉಳಿಯುತ್ತಿರಲಿಲ್ಲ ನಿಜ. ಬ್ಯಾಚ್ ತಪ್ಪಾದದ್ದಕ್ಕೆ ಅವರಿಗೆ ಒಬ್ಬ ರೋಗಿಯೇ ಬೇಕಿತ್ತು.

ಚಿಕ್ಕಪ್ಪನ ಮಗನ ರಿಪೋರ್ಟು ಬಂತು. ಸಾದಾ ಜ್ವರ. ಹಂದಿಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ಅಂದರೆ ನನಗೆ ರೋಗ ಬರುವುದಿರಲಿ, ಸಂಪರ್ಕವೂ ಆಗಿರಲಿಲ್ಲ. ಬಿರಿಯಾನಿ ತಿಂದದ್ದು ಬಿಟ್ಟರೆ ನಾನು ಯಾವ ಕೋಡಿಗೂ ಅರ್ಹನಾಗಿರಲಿಲ್ಲ. ಆ ರಿಪೋರ್ಟಿನ ಜೆರಾಕ್ಸು ಹಿಡಿದು ಎಚ್.ಆರ್.ಗೆ ಫೋನು ಮಾಡಿದೆ. ಆಕೆ ಬಹಳ ಮೃದುವಾಗಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ನನ್ನ ಕ್ವಾಲಿಟಿ ಸಾಲದು, ಜೊತೆಗೆ ಕಾಯಿಲೆ ಮುಚ್ಚಿಟ್ಟದ್ದು ದೊಡ್ಡ ತಪ್ಪು, ಆದ್ದರಿಂದ ಖಾಯಂ ಮಾಡುತ್ತಿಲ್ಲ ಎಂದು ಹೇಳಿದಳು. “ಟೇಕ್ ಕೇರ್, ಬೇಗ ಹುಷಾರಾಗಿ,” ಎಂದಳು ಕೊನೆಗೆ.

ಅಪ್ಪ ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಆವತ್ತಿನಿಂದ ಕಾರ್ಖಾನೆಯ ಬಸ್ಸನ್ನು ನಮ್ಮ ಸ್ಟಾಪಿನಲ್ಲಿ ಹತ್ತುವುದನ್ನು ಬಿಟ್ಟು ಮುಂದಿನ ಸ್ಟಾಪಿಗೆ ನಡೆದುಕೊಂಡು ಹೋಗತೊಡಗಿದರು.

ಹಲಸೂರಿಗೆ ಹೋದೆ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅಣ್ಣನ ಮನೆ. ಅವರ ಹೆಂಡತಿ ಗ್ರಿಲ್ಲಿನ ಆಚೆ ನಿಂತರು. ಹಿಂದೆ ಹೋದಾಗಲೆಲ್ಲ ಬಲವಂತ ಮಾಡಿ ಪುಳಿಯೋಗರೆ ಬಡಿಸಿದವರು. ಈಗ ಸೆರಗು ಮೂಗಿನ ಮೇಲಿತ್ತು.

“ಅವ್ರು ಮನೇಲಿಲ್ವಪ್ಪ.”

ಗ್ರಿಲ್ಲಿನ ಒಳಗೆ ಸ್ಕೂಟರು ನಿಂತಿತ್ತು. ತಂತಿಯ ಮೇಲೆ ಮಂಕಿ ಟೋಪಿ ಒಣಗುತ್ತಿತ್ತು, ತುದಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

“ನಂಗೆ ಏನೂ ಇಲ್ಲ ಅತ್ತಿಗೆ. ರಿಪೋರ್ಟ್ ಬಂದಿದೆ.”

“ಒಳ್ಳೇದಾಯ್ತಪ್ಪ,” ಎಂದರು ಸೆರಗಿನೊಳಗಿಂದಲೇ. “ಆದ್ರೂ ಚೆನ್ನಾಗಿ ವಾಸಿ ಆಗ್ಲಿ. ಆಮೇಲೆ ಬಾ.”

ವಾಸಿಯಾಗುವುದಕ್ಕೆ ಮೊದಲು ಕಾಯಿಲೆ ಬರಬೇಕಲ್ಲ ಎಂದು ಕೇಳಬೇಕೆನಿಸಿತು. ಆದರೆ ಆ ತಾಯಿಯ ಕಣ್ಣಿನಲ್ಲಿ ನಿಜವಾದ ಹೆದರಿಕೆ ಇತ್ತು. ಮನೆಯಲ್ಲೂ ಅದನ್ನೇ ಹೇಳಿದ್ದರು ಅಣ್ಣ. ಬಂದ ದಾರಿಯಲ್ಲೇ ವಾಪಸಾದೆ. ಅಣಕು ಮಾಡುವುದನ್ನು ಆವತ್ತು ಬಿಟ್ಟೆ. ನನ್ನ ಹತ್ತಿರ ಇದ್ದದ್ದು ಅವರೊಬ್ಬರ ಅಣಕು ಮಾತ್ರ ಅಂತ ಬಿಟ್ಟಮೇಲೆ ಗೊತ್ತಾಯಿತು.

ಕೆಲವು ತಿಂಗಳು ಕಳೆದವು. ಇಂದಿರಾನಗರದ ಒಂದು ಸಣ್ಣ ಕಂಪನಿಯಲ್ಲಿ ಕೋಡಿಂಗಿಗೆ ಜನ ಬೇಕೆಂದು ಶಹೀನ ಹೇಳಿದಳು. ಪರೀಕ್ಷೆ ಕೊಟ್ಟರು, ಬರೆದೆ. ಹಿಂದಿನ ಕೆಲಸದ ಬಗ್ಗೆ ಕೇಳಿದಾಗ ಸುಳ್ಳು ಹೇಳದೆ ಅಣ್ಣನ ಹೆಸರನ್ನೂ ನಂಬರನ್ನೂ ಕೊಟ್ಟೆ. ಬೇರೆ ಯಾರ ಹೆಸರೂ ಇರಲಿಲ್ಲ ಕೊಡಲು. ಅಲ್ಲಿಗೆ ಕೋಡಿಂಗಿನ ಜೊತೆ ನನ್ನ ಋಣ ಮುಗಿಯಿತು ಅಂದುಕೊಂಡು ಮನೆಗೆ ಬಂದು ಮಲಗಿದೆ.

ಮಾರನೆಯ ದಿನ ಕರೆದರು. ಅಲ್ಲಿನ ಮ್ಯಾನೇಜರು ಫ್ರೇಜರ್ ಟೌನಿನ ಒಬ್ಬ ಮೇಡಂ, ಬಿಳಿ ಕೂದಲು, ನೇರ ಮಾತು.

“ನಿಮ್ ಹಳೇ ಲೀಡ್ ಜೊತೆ ಮಾತಾಡ್ದೆ. ಏನ್ರೀ ಅಷ್ಟೊಂದ್ ಹೊಗಳ್ತಾರೆ ನಿಮ್ಮನ್ನ?”

ಬೇರೆ ಯಾರದೋ ಫೈಲು ನೋಡುತ್ತಿದ್ದಾರೆ ಎಂದುಕೊಂಡೆ. “ಯಾರು ಮೇಡಂ?”

“ಅವ್ರೇ. ರೋಗ ಖಚಿತ ಆಗೋ ತನಕ ಈ ಹುಡುಗ ಕೋಡ್ ಮುಟ್ಟಲ್ಲ, ಕಣ್ಣು ಮುಚ್ಚಿ ತಗೊಳಿ ಅಂದ್ರು. ಹಂಗಾದ್ರೆ ಅಲ್ಲಿ ಬಿಟ್ಟಿದ್ಯಾಕೆ ಅಂದೆ. ಕಂಪ್ನಿ ಒಳಗಿನ ರಾಜಕೀಯ ಮೇಡಂ, ಹುಡುಗಂದೇನೂ ತಪ್ಪಿಲ್ಲ ಅಂದ್ರು.”

ಕೆಲಸ ಸಿಕ್ಕಿತು. ಹಂಡ್ರೆಡ್ ಫೀಟ್ ರೋಡಿನ ಫುಟ್‌ಪಾತಿನ ಮೇಲೆ ನಿಂತುಕೊಂಡೆ. ಇಷ್ಟು ದಿನ ನಾನು ಒಂದು ಸಮಾಧಾನ ಹೇಳಿಕೊಂಡಿದ್ದೆ. ಅಣ್ಣ ಗಾಬರಿಯಲ್ಲಿ ಅಂದಿರಬೇಕು, ನನಗೆ ಜ್ವರ ಇದೆ ಎಂದು ನಿಜವಾಗಿಯೂ ನಂಬಿರಬೇಕು, ಬ್ಯಾಚಿನ ವಿಷಯ ನಾನೇ ತಪ್ಪು ಕೇಳಿಸಿಕೊಂಡೆ ಎಂದು ಅವರು ತಿಳಿದಿರಬೇಕು. ‘ಹುಡುಗಂದೇನೂ ತಪ್ಪಿಲ್ಲ.’ ಗೊತ್ತಿತ್ತು ಅವರಿಗೆ. ಮೀಟಿಂಗಿನಲ್ಲಿ ನಿಂತಾಗಲೂ ಇಷ್ಟೇ ಚೆನ್ನಾಗಿ ಗೊತ್ತಿತ್ತು.

ಅಲ್ಲಿಂದಲೇ ಫೋನು ಮಾಡಿದೆ. ಈ ಸಲ ಎತ್ತಿದರು.

“ಹೇಳು ಕಣ್ಣಾ.” ನಿನ್ನೆ ತಾನೇ ಟೀ ಕುಡಿದು ಎದ್ದವರ ಹಾಗೆ.

“ಕೆಲ್ಸ ಆಯ್ತಣ್ಣ.”

“ಆಗ್ಲೇಬೇಕು. ಕೇಳಿದ್ರು, ಇದ್ದಿದ್ದು ಹೇಳ್ದೆ.”

“ಆ ಇದ್ದಿದ್ದನ್ನ ನಮ್ ಫ್ಲೋರಲ್ಲೂ ಒಂದ್ ಸಲ ಹೇಳ್ತೀರಾ ಅಣ್ಣ? ಮ್ಯಾನೇಜರ್‌ಗೆ ಬೇಡ. ಬ್ಯಾಚ್ ವಿಷ್ಯಾನೂ ಬೇಡ. ಹುಡುಗ್ರ ಹತ್ರ ಅಷ್ಟೇ. ನಂಗೆ ಜ್ವರ ಇರ್ಲಿಲ್ಲ ಅಂತ.”

ಆ ಕಡೆ ಟೈಪು ಮಾಡುವ ಸದ್ದು ಕೇಳುತ್ತಿತ್ತು. ನಿಂತಿತು.

“ಅದೆಲ್ಲ ಈಗ ಯಾಕೆ? ಎಲ್ರೂ ಮರ್ತೋಗಿದಾರೆ.”

“ಅತ್ತಿಗೆಗಾದ್ರೂ ಹೇಳಿ.”

ರೋಡಿನಲ್ಲಿ ಎರಡು ಬಸ್ಸು ಹೋದವು. ಫೋನು ಇಟ್ಟಿರಬೇಕು ಎಂದು ಕಿವಿಯಿಂದ ತೆಗೆದು ನೋಡಿದೆ. ಇಟ್ಟಿರಲಿಲ್ಲ.

“ಊಟ ಆಯ್ತಾ?” ಎಂದರು.

ಮಾತು ಮರೆಸಲು ಕೇಳಿದ್ದಲ್ಲ. ಆ ದನಿ ನನಗೆ ಗೊತ್ತು, ನನ್ನ ಗಂಟಲಿನಲ್ಲೇ ಇಟ್ಟುಕೊಂಡು ತಿರುಗಿದ ದನಿ ಅದು. ಹೊತ್ತು ಮೀರಿದೆ, ಹುಡುಗ ಉಂಡನೋ ಇಲ್ಲವೋ ಎಂದು ನಿಜವಾಗಿಯೂ ಕೇಳುತ್ತಿದ್ದರು. ಕಪಟವಾಗಿದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

“ಆಯ್ತಣ್ಣ,” ಅಂದೆ. ಆಗಿರಲಿಲ್ಲ.